ಮೊದಲ ಕಂತಿನ ಮೋಹ

ಯಸಳೂರಿನ ಸೀಮೆಯಲ್ಲಿ ಹೂಮಳೆಯೆಂದರೆ ಏನೆಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಬೇಸಗೆಯ ಮೊದಲಲ್ಲಿ ಒಂದಂಗುಲದಷ್ಟು ಮಳೆ ಬಿದ್ದರೆ ಸಾಕು, ಎಂಟು ಹತ್ತು ದಿನಗಳೊಳಗಾಗಿ ಗುಡ್ಡದ ಓರೆಯಿಂದ ಕಣಿವೆಯ ಗದ್ದೆಯ ಅಂಚಿನವರೆಗೆ ಕಾಫಿಯ ತೋಟವೆಲ್ಲ ಒಮ್ಮೆಗೇ ಬೆಳ್ಳಗೆ ಅರಳಿ ನಿಲ್ಲುತ್ತದೆ. ಹಾಸನದಿಂದ ಬಂದ ನೆಂಟರು ಗಾಡಿ ನಿಲ್ಲಿಸಿ ಕೊಂಡಾಡುತ್ತಾರೆ. ಬೆಳೆಗಾರನು ಮಾತ್ರ ಹೂವನ್ನು ಒಮ್ಮೆ ನೋಡಿ, ಒಡನೆಯೇ ಆಕಾಶವನ್ನು ನೋಡುತ್ತಾನೆ. ತೋಟದವರು 'ಬ್ಯಾಕಿಂಗ್' ಎಂದು ಕರೆಯುವ ಎರಡನೆಯ ಮಳೆ ಹದಿನೈದಿಪ್ಪತ್ತು ದಿನಗಳಲ್ಲಿ ಹಿಂಬಾಲಿಸಿ ಬಾರದೆ ಹೋದರೆ, ಆ ಬೆಳ್ಳನೆಯ ಸಂಭ್ರಮವೆಲ್ಲ ಕಂದಿ ಉದುರಿ, ಗೆಣ್ಣಿನಲ್ಲಿ ಕಾಯಿ ನಿಲ್ಲದು. ಹೂವನ್ನು ನೋಡಿ ಫಸಲಿನ ಲೆಕ್ಕ ಬರೆದಿಟ್ಟ ಬೆಳೆಗಾರನನ್ನು ಸಕಲೇಶಪುರ, ಆಲೂರುಗಳ ಮಲೆಗಳಲ್ಲಿ ಯಾರೂ ಕಂಡಿರಲಾರರು.

ಇಷ್ಟು ವಿವೇಕವುಳ್ಳ ಜನರ ಮನೆಗಳಲ್ಲಿಯೇ ಸಂಜೆ ಏಳು ಗಂಟೆಯ ಮೇಲೆ ನಡೆಯುವ ಮಾತುಕತೆಯನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಟೆಲಿವಿಷನ್ನಿನಲ್ಲಿ ಹೊಸದೊಂದು ಧಾರಾವಾಹಿಯ ಮೊದಲ ಕಂತು ಮುಗಿದಿರುತ್ತದೆ. "ಸಿನಿಮಾ ಇದ್ದ ಹಾಗಿದೆ", "ಇಂಥದ್ದು ಕನ್ನಡದಲ್ಲಿ ಬಂದೇ ಇರಲಿಲ್ಲ", "ಇದೊಂದನ್ನು ಮಾತ್ರ ಬಿಡದೆ ನೋಡಬೇಕು" ಎಂಬ ಉದ್ಗಾರಗಳು ಹೊರಡುತ್ತವೆ. ಮಾರನೆಯ ದಿನ ಅದೇ ಮಾತು ಬಸ್ಸಿನಲ್ಲಿಯೂ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿಯೂ ಕೇಳಿಬರುತ್ತದೆ. ಆರು ತಿಂಗಳ ಮೇಲೆ ಅದೇ ಮನೆಯಲ್ಲಿ, ಅದೇ ಜನ, ಅದೇ ಧಾರಾವಾಹಿಯನ್ನು ಬೈಯುತ್ತ ನೋಡುತ್ತಿರುತ್ತಾರೆ. ಎರಡು ವರ್ಷಗಳ ಮೇಲೆ ಬೈಯುವುದೂ ನಿಂತು, ನೋಡುವುದೊಂದೇ ಉಳಿದಿರುತ್ತದೆ. ಇಷ್ಟಾದರೂ ಮತ್ತೊಂದು ಹೊಸ ಧಾರಾವಾಹಿಯ ಮೊದಲ ಕಂತು ಬಂದೊಡನೆ ಮೊದಲಿನ ಉದ್ಗಾರಗಳೇ ಹೊರಡುವುವು. ಹೂವಿಗೆ ಮರುಳಾಗದ ಜನ ಮೊದಲ ಕಂತಿಗೆ ಮರುಳಾಗುವುದೇಕೆ?

ಕನ್ನಡದ ದೈನಂದಿನ ಧಾರಾವಾಹಿಗಳ ಮೊದಲ ಕಂತುಗಳು ಚೆನ್ನಾಗಿಲ್ಲವೆಂದು ಯಾರೂ ಹೇಳಬೇಕಾಗಿಲ್ಲ. ಅವು ಚೆನ್ನಾಗಿಯೇ ಇರುತ್ತವೆ. ದೂರು ಇರುವುದೇ ಅಲ್ಲಿ. ಅಸಾಧಾರಣವಾದ ಮೊದಲ ಕಂತನ್ನು ಕೃತಿಯ ಗುಣವೆಂದು ಎಣಿಸುವುದು ತಪ್ಪು. ಅದು ಕೃತಿ ಮಾಡಿದ ಸಾಲ. ನೋಡುವವರ ನಂಬಿಕೆಯನ್ನು ಅದು ಕಡವಾಗಿ ಎತ್ತಿಕೊಂಡಿದೆ. ತೀರಿಸಿದರೆ ಹೊಗಳೋಣ. ಎತ್ತಿಕೊಂಡ ದಿನವೇ ಸಾಲಗಾರನಿಗೆ ಹಾರ ಹಾಕುವ ಪದ್ಧತಿ ಬೇರೆ ಯಾವ ವ್ಯವಹಾರದಲ್ಲಿಯೂ ಇಲ್ಲ.

ಈ ಮೊದಲ ಕಂತು ಹೇಗೆ ತಯಾರಾಗುತ್ತದೆಂಬುದನ್ನು ನೋಡಿದರೆ ಸಂಗತಿ ಸ್ಪಷ್ಟವಾದೀತು. ಆರಂಭದ ಕಂತುಗಳನ್ನು ಪ್ರಸಾರಕ್ಕೆ ಬಹಳ ಮುಂಚಿತವಾಗಿಯೇ ಚಿತ್ರೀಕರಿಸಿ ಕೂಡಿಟ್ಟಿರುತ್ತಾರೆ. ಬರೆದದ್ದನ್ನು ತಿದ್ದಲು, ಮತ್ತೆ ಬರೆಯಲು ಅವಕಾಶವಿರುತ್ತದೆ. ಊರು, ಹೊಳೆ, ಜಾತ್ರೆ, ತೇರು, ನೂರಾರು ಜನ ಇವೆಲ್ಲವೂ ಆ ವಾರದ ಖರ್ಚಿನಲ್ಲಿಯೇ ಬರುವುವು. ತಿಂಗಳು ಕಳೆಯುತ್ತಲೇ ಕೂಡಿಟ್ಟ ಕಂತುಗಳು ಕರಗುತ್ತವೆ. ಆಮೇಲೆ ನಿನ್ನೆ ಬರೆದದ್ದನ್ನು ಇಂದು ಚಿತ್ರಿಸಿ ನಾಳೆ ನಾಡಿದ್ದು ಪ್ರಸಾರ ಮಾಡುವ ಧಾವಂತ. ಊರು ಹೋಗಿ ಮನೆಯೊಂದೇ ಉಳಿಯುತ್ತದೆ. ಮನೆ ಹೋಗಿ ಅದರ ನಡುಮನೆ ಮತ್ತು ಮಾಳಿಗೆಯ ಮೆಟ್ಟಿಲು ಉಳಿಯುತ್ತವೆ. ಅರ್ಧ ಗಂಟೆಯಲ್ಲಿ ಜಾಹೀರಾತನ್ನು ಕಳೆದು ಉಳಿಯುವ ಇಪ್ಪತ್ತು ಚಿಲ್ಲರೆ ನಿಮಿಷಗಳಲ್ಲಿ, ಒಬ್ಬಳು ಆಡಿದ ಒಂದು ಮಾತನ್ನು ಕೇಳಿ ಬೆಚ್ಚಿದ ಎಂಟು ಮುಖಗಳನ್ನು ಒಂದೊಂದಾಗಿ ಮೂರು ಮೂರು ಸಲ ತೋರಿಸುವುದರಲ್ಲಿಯೇ ಕಾಲು ಭಾಗ ಮುಗಿಯುತ್ತದೆ. ಇದು ಬರೆಯುವವರ ಅಶಕ್ತಿಯೆಂದು ತಿಳಿಯಬಾರದು. ಮೊದಲ ಕಂತನ್ನು ಬರೆದವರಿಗೆ ಬರೆಯಲು ಬರುತ್ತದೆಂಬುದಕ್ಕೆ ಮೊದಲ ಕಂತೇ ಸಾಕ್ಷಿ. ವಾರಕ್ಕೊಮ್ಮೆ ಹೊರಬೀಳುವ ಟಿ.ಆರ್.ಪಿ. ಅಂಕಿಗೆ ಮೊದಲ ವಾರದಲ್ಲಿಯೇ ಏರಬೇಕಾದ ಅವಸರ, ಏರಿದ ಮೇಲೆ ಇಳಿಯದಿರಬೇಕಾದ ಭಯ, ಇವೆರಡರ ನಡುವೆ ಕಥೆಯನ್ನು ಮುಗಿಸುವ ಯೋಚನೆಗೆ ಎಡೆಯೇ ಇಲ್ಲ. ದೇಶದಲ್ಲಿ ಸುಮಾರು 20 ಕೋಟಿ ಮನೆಗಳಲ್ಲಿ ಟಿ.ವಿ. ಇದೆ, ಈ ಅಂಕಿಯನ್ನು ಅಳೆಯುವ ಮೀಟರ್ ಇರುವುದು ಕೆಲವು ಹತ್ತು ಸಾವಿರ ಮನೆಗಳಲ್ಲಿ. 2015ರ ಅಕ್ಟೋಬರಿನವರೆಗೆ ಹಳ್ಳಿಗಳನ್ನು ಆ ಲೆಕ್ಕಕ್ಕೆ ತೆಗೆದುಕೊಂಡೇ ಇರಲಿಲ್ಲ. ಯಸಳೂರಿನ ಹೋಬಳಿಯವರು ಅದಕ್ಕೂ ಮೊದಲು ವರ್ಷಗಟ್ಟಲೆ ಕುಳಿತು ನೋಡಿದ್ದು ಯಾರ ಲೆಕ್ಕಕ್ಕೂ ಬಾರದೆ ಹೋಯಿತು.

ಉದಾಹರಣೆಯಿಲ್ಲದ ಆಕ್ಷೇಪಣೆಗೆ ಬೆಲೆಯಿಲ್ಲವಷ್ಟೆ. 'ಪುಟ್ಟಗೌರಿ ಮದುವೆ'ಯನ್ನು ತೆಗೆದುಕೊಳ್ಳಬಹುದು. 2008ರಲ್ಲಿ ಆರಂಭವಾಗಿ 2016ರವರೆಗೆ ಎರಡು ಸಾವಿರಕ್ಕೂ ಮಿಕ್ಕಿದ ಕಂತುಗಳಲ್ಲಿ ನಡೆದ ಹಿಂದಿಯ 'ಬಾಲಿಕಾ ವಧು'ವಿನ ಕಥೆಗೆ ಕನ್ನಡದಲ್ಲಿ ದೊರೆತ ರೂಪವದು. 2012ರ ಡಿಸೆಂಬರಿನಲ್ಲಿ, ಆಗಿನ್ನೂ ಈಟಿವಿ ಕನ್ನಡವೆಂಬ ಹೆಸರಿದ್ದ ವಾಹಿನಿಯಲ್ಲಿ ಮೊದಲಾಯಿತು. ಆಡಿಕೊಂಡಿರತಕ್ಕ ವಯಸ್ಸಿನ ಹುಡುಗಿಯೊಬ್ಬಳನ್ನು ಹಸೆಮಣೆಯ ಮೇಲೆ ಕೂರಿಸುವ ಆ ಆರಂಭವನ್ನು ಕಂಡು ಎಷ್ಟೋ ಮನೆಗಳಲ್ಲಿ ಅಜ್ಜಿಯಂದಿರು ಮಾತಿಲ್ಲದೆ ಕುಳಿತರು. ತಮ್ಮ ತಾಯಂದಿರ, ಕೆಲವರಿಗೆ ತಮ್ಮದೇ, ಬಾಳಿನ ನೆನಪು ಅದರಲ್ಲಿತ್ತು. ಹಳೆಯ ಕಾಲದ ಕಥೆಯೆಂದು ತಳ್ಳಿಹಾಕುವಂತೆಯೂ ಇರಲಿಲ್ಲ. ಕರ್ನಾಟಕದಲ್ಲಿ ಬಾಲ್ಯವಿವಾಹವನ್ನು ತಡೆಯುವ ಬಗೆಯನ್ನು ಕುರಿತು ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ವರದಿ ಒಪ್ಪಿಸಿದ್ದು 2011ರಲ್ಲಿ, ಎಂದರೆ ಧಾರಾವಾಹಿಗೆ ಒಂದೇ ವರ್ಷ ಮೊದಲು. ಬೆಂಕಿ ಆರಿರಲಿಲ್ಲ, ಮೊದಲ ಕಂತು ಆ ಬೆಂಕಿಯಿಂದಲೇ ದೀಪ ಹಚ್ಚಿಕೊಂಡಿತು.

ಆಮೇಲೆ ಏನಾಯಿತು? ಹುಡುಗಿ ಬೆಳೆದಳು. ಬೆಳೆದ ಗೌರಿಯ ಗಂಡ, ಗಂಡನ ಮತ್ತೊಂದು ಪ್ರೇಮ, ಅತ್ತೆಮನೆಯ ಒಳಸಂಚು, ಸಂಚಿನ ಮೇಲೊಂದು ಸಂಚು, ಹೀಗೆ ವರ್ಷಗಳು ಉರುಳಿದುವು. ಕಡೆಕಡೆಗೆ ನಾಯಿಕೆ ಬೆಟ್ಟದಿಂದ ಬಿದ್ದೂ ಬದುಕಿ, ಕಾಡಿನಲ್ಲಿ ಹುಲಿಯ ಎದುರು ನಿಂತ ಕಂತುಗಳು ಬಂದಾಗ ನಾಡಿಗೆ ನಾಡೇ ನಕ್ಕಿತು. ಮೊಬೈಲ್‌ಗಳ ತುಂಬ ಅಪಹಾಸ್ಯದ ಚಿತ್ರಗಳು ಹರಿದಾಡಿದುವು. ನಕ್ಕವರು ಒಂದನ್ನು ಮರೆತರು. ಅದೇ ವರ್ಷಗಳಲ್ಲಿ, ಹೊರಗಿನ ಲೋಕದಲ್ಲಿ, ರಾಜ್ಯದ ವಿಧಾನಮಂಡಲ 2006ರ ಬಾಲ್ಯವಿವಾಹ ನಿಷೇಧದ ಕಾನೂನಿಗೆ ತಿದ್ದುಪಡಿ ತಂದು, ಅಂಥ ಮದುವೆ ನಡೆದ ಕ್ಷಣದಿಂದಲೇ ಅಸಿಂಧುವೆಂದು ವಿಧಿಸಿತು. 2017ರಲ್ಲಿ ಅದು ಜಾರಿಗೆ ಬಂತು. ಮೊದಲ ಕಂತು ಎತ್ತಿದ ಪ್ರಶ್ನೆಗೆ ಶಾಸನವೇ ಉತ್ತರ ಕೊಟ್ಟಿತು. ಎಳೆಯ ಕೊರಳಿಗೆ ಕಟ್ಟಿದ ಆ ತಾಳಿಗೆ ಬೆಲೆಯುಂಟೇ ಇಲ್ಲವೇ, ಅವಳು ಅದನ್ನು ತೆಗೆದಿಟ್ಟು ತನ್ನ ಬಾಳನ್ನು ತಾನು ಕಟ್ಟಿಕೊಳ್ಳಬಹುದೇ ಎಂದು ಕೇಳಬೇಕಾಗಿದ್ದ ಕಥೆ ಆ ಹೊತ್ತಿಗೆ ಎಲ್ಲಿತ್ತು? ಕಾಡಿನಲ್ಲಿತ್ತು. ಹುಲಿ ಬಂದದ್ದು ದೊಡ್ಡ ತಪ್ಪಲ್ಲ. ಮಲೆನಾಡಿನವರು ಹುಲಿಯನ್ನೂ ಕ್ಷಮಿಸಬಲ್ಲರು. ಹುಡುಗಿಯನ್ನು ಬಿಟ್ಟು ಬಂದದ್ದು ತಪ್ಪು.

'ಪುಟ್ಟಕ್ಕನ ಮಕ್ಕಳು' 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಮೊದಲಾದಾಗಲೂ ಇದೇ ಸಂಭ್ರಮ. ಗಂಡುಮಗುವನ್ನು ಹೆರಲಿಲ್ಲವೆಂದು ಗಂಡನು ತೊರೆದ ಹೆಂಗಸು ಊಟದ ಮೆಸ್ಸು ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ಕಥೆ, ಉಮಾಶ್ರೀಯವರಂಥ ನಟಿ. ಆರಂಭದ ವಾರಗಳನ್ನು ಕಂಡವರಿಗೆ ಆ ಒಲೆಯ ಮುಂದಿನ ಮುಖ ಮರೆಯುವಂಥದ್ದಲ್ಲ. ಗಂಡುಸಂತಾನದ ಹಂಬಲವೆಂಬುದು ಈ ನಾಡಿನ ಎಷ್ಟು ಮನೆಗಳ ಗುಟ್ಟು! ಇದನ್ನು ಎತ್ತಿಕೊಂಡವರು ಕಡೆಯವರೆಗೆ ಇದನ್ನೇ ಹಿಡಿದು ನಡೆದಿದ್ದರೆ ಕನ್ನಡಕ್ಕೆ ಒಂದು ಮಹಾಕಥನವೇ ದೊರೆಯುತ್ತಿತ್ತು. ಅಪಹರಣ, ಅಪಘಾತ, ಸುಳ್ಳು ಸಾವುಗಳಿಗೆ ಮೆಸ್ಸಿನ ಒಲೆ ಬೇಕಾಗಿರಲಿಲ್ಲ. ಅವು ಯಾವ ಧಾರಾವಾಹಿಯಲ್ಲಿಯಾದರೂ ಸಿಕ್ಕುವ ಸರಕು.

ಯಸಳೂರಿನ ಮಳೆಗಾಲವು ಈ ವಿಷಯದಲ್ಲಿ ಒಳ್ಳೆಯ ಪರೀಕ್ಷಕ. ಆಷಾಢದಲ್ಲಿ ಬಿಸಿಲೆಯ ಕಡೆಯಿಂದ ಮೋಡ ಏರಿ ಬಂತೆಂದರೆ ಮೊದಲು ಸೋಲುವುದು ಮಾಡಿನ ಮೇಲಿನ ಡಿಶ್; ದಟ್ಟವಾದ ಮಳೆಹನಿಗಳನ್ನು ದಾಟಿ ಉಪಗ್ರಹದ ಸಂಕೇತ ಇಳಿಯಲಾರದು. ಎರಡನೆಯದಾಗಿ ಮರ ಬಿದ್ದು ತಂತಿ ಹರಿದು ವಿದ್ಯುತ್ತು ಹೋಗುವುದು. ಒಂದು ವಾರ, ಕೆಲವು ವೇಳೆ ಹತ್ತು ದಿನ, ಮನೆಯವರು ಲಾಟೀನಿನ ಬೆಳಕಿನಲ್ಲಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡಿರುತ್ತಾರೆ. ಕಥೆಯೆಂಬುದು ನಿಜವಾಗಿ ಕಥೆಯಾಗಿದ್ದರೆ ಹತ್ತು ದಿನದ ನಷ್ಟ ತುಂಬಲಾರದ್ದಾಗಬೇಕು. ನಡುವಿನ ಹತ್ತು ಪುಟ ಹರಿದ ಕಾದಂಬರಿಯನ್ನು ಓದಿದವರಿಗೆ ಆ ಸಂಕಟ ಗೊತ್ತು. ವಿದ್ಯುತ್ತು ಮರಳಿ ಬಂದ ಸಂಜೆ ಮನೆಯಾಕೆ ಟಿ.ವಿ. ಹಾಕುತ್ತಾಳೆ. ಹತ್ತು ದಿನದ ಹಿಂದೆ ಬಾಗಿಲ ಹಿಂದೆ ನಿಂತು ಕದ್ದು ಕೇಳುತ್ತಿದ್ದವಳು ಇನ್ನೂ ಬಾಗಿಲ ಹಿಂದೆಯೇ ಇದ್ದಾಳೆ! ಹರಿದ ಪುಟಗಳಲ್ಲಿ ಏನೂ ಇರಲಿಲ್ಲವೆಂದ ಮೇಲೆ ಉಳಿದ ಪುಟಗಳಲ್ಲಿ ಏನಿದೆ? ಮೊದಲ ಕಂತನ್ನು ಯಾರೂ ತಪ್ಪಿಸಿಕೊಳ್ಳಬಾರದೆಂದು ವಾಹಿನಿಯವರು ಹದಿನೈದು ದಿನ ಮುಂಚಿತವಾಗಿ ಸಾರುತ್ತಾರೆ. ನಾಲ್ಕುನೂರನೆಯ ಕಂತಿನ ವಿಷಯದಲ್ಲಿ ಹಾಗೆ ಸಾರದಿರುವುದು ಅವರ ಪ್ರಾಮಾಣಿಕತೆಯೆಂದೇ ಹೇಳಬೇಕು.

ಇದಕ್ಕೆ ಪೂರ್ವಪಕ್ಷವುಂಟು. ಜನ ನೋಡುತ್ತಾರೆ, ಆದುದರಿಂದ ತೋರಿಸುತ್ತೇವೆ ಎಂಬುದು ಹಳೆಯ ಮಾತು. ಅದಕ್ಕೆ ಹಳೆಯ ಉತ್ತರಗಳೇ ಸಾಕು. ಇದರಿಂದ ನೂರಾರು ಕಲಾವಿದರ, ದೀಪ ಹಿಡಿಯುವವರ, ಅಡಿಗೆಯವರ ಜೀವನ ನಡೆಯುತ್ತಿದೆಯೆಂಬುದು ನಿಜ. ಒಂದು ಕಥೆ ಮುಗಿದು ಇನ್ನೊಂದು ಮೊದಲಾದರೆ ಅವರ ಕೆಲಸ ಹೋಗದೆಂಬುದೂ ನಿಜ. ಮೂರನೆಯ ಆಕ್ಷೇಪ ಮಾತ್ರ ಹಗುರವಾದದ್ದಲ್ಲ. ತೋಟದ ನಡುವಿನ ಒಂಟಿ ಮನೆ, ಮಕ್ಕಳು ಬೆಂಗಳೂರಿನಲ್ಲಿ, ಕತ್ತಲಾದ ಮೇಲೆ ಆನೆಯ ಭಯದಿಂದ ಅಂಗಳಕ್ಕೆ ಇಳಿಯುವಂತಿಲ್ಲ, ನೆರೆಮನೆಯೆಂದರೆ ಅರ್ಧ ಮೈಲಿ. ಅಲ್ಲಿ ಕುಳಿತ ಎಪ್ಪತ್ತರ ಹೆಣ್ಣುಜೀವಕ್ಕೆ ದಿನವೂ ಏಳು ಗಂಟೆಗೆ ತಪ್ಪದೆ ಬರುವ ನಾಲ್ಕು ಮುಖಗಳು ನೆರೆಹೊರೆಯಾಗಿವೆ. ನೆರೆಹೊರೆಗೆ ಅಂತ್ಯವೇಕೆ? ಕಥೆ ಮುಂದುವರಿಯದಿದ್ದರೇನು, ಮುಖ ಕಂಡರೆ ಸಾಲದೇ? ಹೀಗೆನ್ನುವವರು ಕೇವಲ ವ್ಯಾಪಾರದ ಪರವಾಗಿ ವಾದಿಸುತ್ತಿಲ್ಲ. ಅವರ ಮಾತಿನಲ್ಲಿ ಕರುಣೆಯಿದೆ. ಸಾಹಿತ್ಯಾಭಿಮಾನಿಗಳು ಬಹಳ ಮಂದಿ ಈ ಮಾತನ್ನು ಕೇಳಿಸಿಕೊಳ್ಳದೆಯೇ ಧಾರಾವಾಹಿಗಳನ್ನು ಜರೆಯುತ್ತಾರೆ. ಅದು ಅವರ ಪಟ್ಟಣದ ದೋಷ.

ಆದರೆ ಆ ವೃದ್ಧೆಯ ಪರವಾಗಿಯೇ ಒಂದು ಮಾತು ಕೇಳಬೇಕಾಗಿದೆ. ನೆರೆಯವಳಾಗಿ ಬರುವುದಾದರೆ ನೆರೆಯವಳಂತೆಯೇ ಬರಲಿ. ಮೊದಲ ದಿನ ಎಳೆಯ ಹುಡುಗಿಯ ಕಣ್ಣೀರನ್ನು ಮಡಿಲಿಗೆ ಸುರಿದು, "ಇದಕ್ಕೇನು ನ್ಯಾಯ, ಹೇಳಿ" ಎಂದು ಆಕೆಯ ನಿದ್ದೆ ಕೆಡಿಸಿ, ಮರುವಾರದಿಂದ ಅದರ ಸುದ್ದಿಯನ್ನೇ ಎತ್ತದೆ, ಯಾರದೋ ಸೀರೆಯ, ಯಾರದೋ ವಿಷದ ಬಟ್ಟಲಿನ ಮಾತಾಡುವ ನೆರೆಯವಳನ್ನು ಯಾವ ಮನೆಯವರು ನಂಬುವರು? ಆಕೆಗೆ ಸಂಗಾತ ಬೇಕೆಂಬುದು ದಿಟ. ಆಕೆಗೆ ನ್ಯಾಯ ಬೇಡವೆಂದು ಯಾರು ಹೇಳಿದರು? ಆಕೆ ಆ ಮೊದಲ ಕಂತಿನ ದಿನ ಮಾತಿಲ್ಲದೆ ಕುಳಿತದ್ದು ಸಂಗಾತಕ್ಕಾಗಿ ಅಲ್ಲ.

ಮೊದಲ ಕಂತು ಸೊಗಸಾಗಿಲ್ಲದಿದ್ದರೆ ಜನ ಕೂರುವುದೇ ಇಲ್ಲವೆಂಬ ಮಾತನ್ನು ದೇಶದ ಮೊಟ್ಟಮೊದಲ ದೊಡ್ಡ ಧಾರಾವಾಹಿಯೇ ಸುಳ್ಳುಮಾಡಿದೆ. 1984ರ ಜುಲೈ 7ರಂದು ದೂರದರ್ಶನದಲ್ಲಿ ಮೊದಲಾದ 'ಹಮ್ ಲೋಗ್' ಆರಂಭದ 13 ಕಂತುಗಳಲ್ಲಿ ಕುಟುಂಬಯೋಜನೆಯ ಉಪದೇಶದಿಂದ ತುಂಬಿ, ನೋಡುವವರಿಗೆ ಬೇಸರ ಹಿಡಿಸಿತ್ತು. ಬರೆಯುತ್ತಿದ್ದ ಮನೋಹರ ಶ್ಯಾಮ ಜೋಶಿಯವರು ಉಪದೇಶವನ್ನು ತಗ್ಗಿಸಿ ಮನುಷ್ಯರನ್ನು ಮುಂದೆ ತಂದರು; ಜನ ಆ ಕುಟುಂಬವನ್ನು ತಮ್ಮ ಮನೆಯವರೆಂದೇ ಬಗೆದರು. 156 ಕಂತುಗಳಾದ ಮೇಲೆ, 1985ರ ಡಿಸೆಂಬರಿನಲ್ಲಿ, ಅದು ಮುಗಿಯಿತು. ಮೊದಲ ಕಂತಿನಿಂದಲೇ ತೀರ್ಪು ಕೊಡುವ ಇಂದಿನ ಪದ್ಧತಿ ಆಗಿದ್ದರೆ ಅದು ಎರಡನೆಯ ತಿಂಗಳನ್ನು ಕಾಣುತ್ತಿರಲಿಲ್ಲ.

ಇನ್ನು ಪರದೇಶದ ದೃಷ್ಟಾಂತ. ಅಮೆರಿಕದಲ್ಲಿ 'ಪೈಲಟ್' ಎಂಬ ಹೆಸರಿನಿಂದ ಮೊದಲ ಕಂತೊಂದನ್ನೇ ತಯಾರಿಸಿ, ಅದನ್ನು ನೋಡಿ ವಾಹಿನಿಯವರು ಉಳಿದದ್ದನ್ನು ಕೊಳ್ಳುವ ವಾಡಿಕೆ ಬಹುಕಾಲದಿಂದ ಇದೆ. ಅಲ್ಲಿ ಮೊದಲ ಕಂತು ಬಹಿರಂಗವಾಗಿಯೇ ಮಾದರಿಯ ಸರಕು. 2004ರಲ್ಲಿ ಮೊದಲಾದ 'ಲಾಸ್ಟ್' ಎಂಬ ಧಾರಾವಾಹಿಯ ಪೈಲಟ್‌ಗೆ ಒಂದು ಕೋಟಿ ಡಾಲರುಗಳಿಗೂ ಮಿಕ್ಕಿ ವೆಚ್ಚವಾಯಿತು. ವಿಮಾನವೊಂದು ದ್ವೀಪದಲ್ಲಿ ಬಿದ್ದು, ಬದುಕುಳಿದವರು ಕಣ್ಣು ತೆರೆಯುವ ಆ ಆರಂಭವನ್ನು ಮೀರಿಸಿದ ಆರಂಭಗಳು ಟೆಲಿವಿಷನ್ನಿನಲ್ಲಿ ವಿರಳವೆಂದು ಬಲ್ಲವರೆಲ್ಲ ಒಪ್ಪುತ್ತಾರೆ. ಗುಟ್ಟಿನ ಮೇಲೆ ಗುಟ್ಟು ಕೂಡಿಸಿಕೊಂಡು ಕಥೆ ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ಬಿಡಿಸುವ ದಾರಿ ಕಾಣದೆ ನಿಂತಲ್ಲೇ ಸುತ್ತತೊಡಗಿತು. ಆಗ ಅದರ ಕರ್ತೃಗಳೇ ಮುಕ್ತಾಯದ ದಿನ ಗೊತ್ತಾಗಬೇಕೆಂದು ಹಟ ಹಿಡಿದರು. ಇನ್ನು 48 ಕಂತುಗಳಲ್ಲಿ, 2010ಕ್ಕೆ, ಮುಗಿಯತಕ್ಕದ್ದೆಂದು 2007ರಲ್ಲಿಯೇ ಪ್ರಕಟವಾಯಿತು. ಆ ಅಂತ್ಯವನ್ನು ಕುರಿತು ಜಗಳ ಇಂದಿಗೂ ನಡೆದಿದೆ. ನಡೆಯಲಿ, ಜಗಳವಾಡುವುದಕ್ಕೆ ಒಂದು ಅಂತ್ಯವಾದರೂ ಅವರಿಗೆ ದೊರಕಿತು.

ಕನ್ನಡದವರು ಇದನ್ನು ಪರರಿಂದ ಕಲಿಯಬೇಕಾಗಿಯೂ ಇಲ್ಲ. 1986ರಲ್ಲಿ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಹಿಂದಿಯಲ್ಲಿ ಮಾತಾಡಿದರೂ ಅದರ ಮಳೆ, ಮಾಡು, ಜಗಲಿ ಎಲ್ಲವೂ ಮಲೆನಾಡಿನವು. ಅವರು ನಿರ್ದೇಶಿಸಿದ 39 ಕಂತುಗಳಲ್ಲಿ ಬಹುಪಾಲು ಒಂದೊಂದು ಕಂತೂ ಒಂದೊಂದು ಪೂರ್ಣವಾದ ಕಥೆ. ಅಪ್ಪನ ಮಾತಿಗೆ ಕಟ್ಟುಬಿದ್ದು ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಿದ ಸ್ವಾಮಿ, ಕತ್ತಲಿನಲ್ಲಿ ಕಳ್ಳನ ಕಾಲು ಕಚ್ಚಿ ವೀರನಾಗುವ ಕಥೆಯನ್ನು ನೋಡಿ ಎದ್ದವನು ಮುಂದಿನ ವಾರ ಟಿ.ವಿ. ಮುಂದೆ ಕೂರದಿದ್ದರೂ ಅವನಿಗೆ ಯಾರೂ ಬಾಕಿಯಿಲ್ಲ. ಅದೇ ಕಾರಣದಿಂದ ಅವನು ಮುಂದಿನ ವಾರ ಕೂರುತ್ತಾನೆ. 2020ರ ಲಾಕ್‌ಡೌನಿನಲ್ಲಿ ಅದು ಕನ್ನಡದ ಮಾತಿನೊಡನೆ ಜೀ ಕನ್ನಡದಲ್ಲಿ ಮತ್ತೆ ಬಂದಾಗ, ಹುಟ್ಟುವ ಮೊದಲೇ ತಯಾರಾದ ಚಿತ್ರವನ್ನು ಮಕ್ಕಳು ಹೊಸದರಂತೆ ನೋಡಿದರು.

ಹಾಸನ ಜಿಲ್ಲೆಯ ಮನೆಗಳಿಗೆ ಇನ್ನೂ ಹತ್ತಿರದ ನಿದರ್ಶನ 'ಗೃಹಭಂಗ'. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ 1970ರ ಆ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು ಈಟಿವಿ ಕನ್ನಡಕ್ಕಾಗಿ ಧಾರಾವಾಹಿಯಾಗಿಸಿದರು. ನಂಜಮ್ಮನ ಬಾಳಿನ ಕಥೆಗೆ ಬೆರಗಿನ ಆರಂಭ ಬೇಕಾಗಿರಲಿಲ್ಲ. ಅದರ ಹಿಂದೆ ಒಂದು ಪುಸ್ತಕವಿತ್ತು. ಪುಸ್ತಕಕ್ಕೆ ಕೊನೆಯ ಪುಟವಿತ್ತು. ಬಡತನ, ಪ್ಲೇಗು, ಮಕ್ಕಳ ಸಾವು ಇವುಗಳಲ್ಲಿ ಯಾವುದನ್ನೂ ಟಿ.ಆರ್.ಪಿ.ಗಾಗಿ ಮುಂದಕ್ಕೆ ತಳ್ಳುವಂತೆಯೂ ಇರಲಿಲ್ಲ, ಹಿಂದಕ್ಕೆ ಎಳೆಯುವಂತೆಯೂ ಇರಲಿಲ್ಲ. 1998ರಲ್ಲಿ ದೂರದರ್ಶನದ ಕನ್ನಡ ವಾಹಿನಿಯಲ್ಲಿ ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರು ನಡೆಸಿದ 'ಮಾಯಾಮೃಗ'ವು ಪುಸ್ತಕವಿಲ್ಲದೆಯೂ ಮಧ್ಯಮವರ್ಗದ ಮನೆಮಾತುಗಳನ್ನು ಹಿಡಿದು ನಡೆದು, ತನ್ನ ಕಾಲಕ್ಕೆ ಮುಗಿಯಿತು. ಅದೇ ಸೀತಾರಾಮ್ ಅವರ 'ಮಗಳು ಜಾನಕಿ' 2018ರಲ್ಲಿ ಮೊದಲಾಗಿ, 2020ರ ಲಾಕ್‌ಡೌನಿನ ದೆಸೆಯಿಂದ ನಡುದಾರಿಯಲ್ಲಿಯೇ ನಿಂತುಹೋಯಿತು. ಮುಗಿಸಲು ಬಲ್ಲವರ ಕಥೆ ಮುಗಿಯದೆ ನಿಲ್ಲುವುದೂ, ಮುಗಿಸಲು ಒಲ್ಲದವರ ಕಥೆ ನಿಲ್ಲದೆ ನಡೆಯುವುದೂ ಈ ಉದ್ಯಮದ ವಿಚಿತ್ರ.

ಕೊನೆಯನ್ನು ಗೊತ್ತುಮಾಡಿಕೊಂಡು ಹೊರಟವರಿಗೆ ಇಂದು ಆದ ಮರ್ಯಾದೆಯನ್ನೂ ನೋಡಬೇಕು. ಕರಾವಳಿಯ ಜೀವನವನ್ನು ಕುರಿತ ಏಳೇ ಕಥೆಗಳ 'ಏಕಂ' ಎಂಬ ಕನ್ನಡದ ಸರಣಿಯನ್ನು ತಯಾರಿಸಿದವರಿಗೆ ದೊಡ್ಡ ಓಟಿಟಿಗಳಲ್ಲಿ ಕೊಳ್ಳುವವರು ಸಿಕ್ಕಲಿಲ್ಲ. 2024ರ ಜುಲೈಯಲ್ಲಿ ಅವರು ತಮ್ಮದೇ ಜಾಲತಾಣ ತೆರೆದು ಅದನ್ನು ತೋರಿಸಬೇಕಾಯಿತು. ಆಗ ಅದನ್ನು ಹಣ ಕೊಟ್ಟು ನೋಡಿದ ಸುಶಿಕ್ಷಿತ ಮನೆಗಳೆಷ್ಟು? ಮೊದಲ ಕಂತನ್ನು ಕೊಂಡಾಡಿದ ಬಾಯಿಗಳ ಲೆಕ್ಕಕ್ಕೂ ಈ ಲೆಕ್ಕಕ್ಕೂ ಇರುವ ಅಂತರದಲ್ಲಿಯೇ ವಾಹಿನಿಗಳ ಧೈರ್ಯವೆಲ್ಲ ಅಡಗಿದೆ.

ಹೀಗಿರುವಲ್ಲಿ ಕೇಳತಕ್ಕದ್ದು ದೊಡ್ಡದೇನೂ ಅಲ್ಲ. ಧಾರಾವಾಹಿಗಳನ್ನು ನಿಲ್ಲಿಸಿರೆಂದು ಯಾರೂ ಕೇಳುತ್ತಿಲ್ಲ. ಅತ್ತೆ ಸೊಸೆಯರನ್ನು ಹೊರದೂಡಿರೆಂದೂ ಕೇಳುತ್ತಿಲ್ಲ. ಪತ್ರಿಕೆಗಳಲ್ಲಿ ವಿಮರ್ಶೆ ಬರೆಯುವವರು ಮೊದಲ ವಾರದಲ್ಲಿ ಲೇಖನಿ ಮುಚ್ಚಿಟ್ಟು, ನೂರನೆಯ ಕಂತಿಗೆ ತೆರೆಯಲಿ. ಮನೆಗಳಲ್ಲಿ, ಸಂಘಗಳಲ್ಲಿ, "ಶುರು ಹೇಗಿದೆ?" ಎಂಬುದರ ಬದಲಾಗಿ "ಮೊದಲ ದಿನ ಕೇಳಿದ ಪ್ರಶ್ನೆ ಏನಾಯಿತು?" ಎಂದು ಕೇಳುವ ರೂಢಿ ಬೀಳಲಿ. ಹರಿಕಥೆಯ ದಾಸರು ಪೀಠಿಕೆಯನ್ನೆಷ್ಟು ರಸವತ್ತಾಗಿ ಹಾಕಿದರೂ, ಹೊತ್ತು ಮೀರುವ ಮುನ್ನ ಮಂಗಳ ಹಾಡುವರೆಂಬ ಭರವಸೆಯಿಂದಲೇ ಊರಿನವರು ಚಾಪೆ ಹಾಸಿ ಕುಳಿತಿರುತ್ತಿದ್ದರು. ಆ ಭರವಸೆಯನ್ನು ವಾಹಿನಿಗಳೂ ಕೊಡಲಿ. ಹೊಸ ಧಾರಾವಾಹಿ ಬರುವಾಗ ಪತ್ರಿಕೆಯ ಇಡೀ ಪುಟದ ಜಾಹೀರಾತು ಬರುತ್ತದೆ. ನಾಯಕ ನಾಯಿಕೆಯರ ಮುಖ, ವಾಹಿನಿಯ ಹೆಸರು, ದಿನ, ಗಂಟೆ ಎಲ್ಲವೂ ಇರುತ್ತವೆ. ಅದರ ಕೆಳಗೆ ಒಟ್ಟು ಎಷ್ಟು ಕಂತುಗಳೆಂಬ ಒಂದು ಅಂಕಿಯೂ ಇರಲಿ. 100 ಎಂದಿರಲಿ, 300 ಎಂದಿರಲಿ, ಧೈರ್ಯವಿದ್ದವರು 1000 ಎಂದೇ ಅಚ್ಚು ಹಾಕಿಸಲಿ. ಅದಕ್ಕೆ ಬೇಕಾಗುವ ಜಾಗ ಅರ್ಧ ಅಂಗುಲ.